ಯಂತ್ರ ಮೊದಲು ಬಂತು, ಮೇಷ್ಟ್ರ ತರಬೇತಿ ಆಮೇಲೆ

ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಎಲ್ಲಿಗೆ ಎಂದು ಕೇಳಿದರೆ ಹೆಚ್ಚಿನವರು ಬೆಂಗಳೂರಿಗೆ ಅನ್ನುತ್ತಾರೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಂದು, ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿವಿ ಹತ್ತಿತ್ತು. ಬಹಳ ಊರುಗಳಲ್ಲಿ ಆ ಪೆಟ್ಟಿಗೆ ಇದ್ದದ್ದು ಶಾಲೆಯಲ್ಲಿ. ಅದನ್ನು ಹಚ್ಚುವ, ಆರಿಸುವ, ಕಾಯುವ ಕೆಲಸ ಹೆಚ್ಚಾಗಿ ಬಿದ್ದದ್ದು ಶಾಲೆಯ ಮಾಸ್ತರ ಮೇಲೆ.

ಆ ಮಾಸ್ತರು ತಮ್ಮ ತರಬೇತಿಯಲ್ಲಿ ಟಿವಿಯ ಬಗ್ಗೆ ಏನೂ ಕಲಿತಿರಲಿಲ್ಲ. ಕಲಿಯುವುದು ಸಾಧ್ಯವೂ ಇರಲಿಲ್ಲ. ಆದರೆ ಐವತ್ತು ವರ್ಷ ಕಳೆದ ಮೇಲೆ ಇವತ್ತಿನ ಕಥೆ ಬೇರೆಯೇ? ನಮ್ಮ ಬಳಗದ ಹಲವರ ಮನೆಯಲ್ಲಿ ಅಕ್ಕನೋ ತಂಗಿಯೋ ಬಿ.ಇಡಿ, ಡಿ.ಎಲ್.ಇಡಿ ಓದುತ್ತಿದ್ದಾರೆ. ನಾಳೆ ಅವರು ಹೋಗುವ ಶಾಲೆಯಲ್ಲಿ ಪ್ರೊಜೆಕ್ಟರ್ ಇರುತ್ತದೆ, ಸ್ಮಾರ್ಟ್ ಕ್ಲಾಸ್ ಟಿವಿ ಇರುತ್ತದೆ, ಮಕ್ಕಳ ಮನೆಯಲ್ಲಿ ಮೊಬೈಲ್ ಇರುತ್ತದೆ. ಇವನ್ನು ಇಟ್ಟುಕೊಂಡು ಪಾಠ ಮಾಡುವುದನ್ನು ಅವರಿಗೆ ಯಾರು ಕಲಿಸುತ್ತಿದ್ದಾರೆ? ಈ ಪ್ರಶ್ನೆ ಹಿಡಿದು ನಾವು ಹಿಂದಕ್ಕೆ ಹೋದೆವು. ಕಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಮರಳು, ಕಡತ, ಬಳಪ

ತರಗತಿಯ ತಂತ್ರಜ್ಞಾನ ಅಂದರೆ ಕರೆಂಟಿನಿಂದ ಓಡುವುದು ಮಾತ್ರ ಎಂದು ನಾವು ತಿಳಿದಿದ್ದೇವೆ. ನಮ್ಮ ಅಜ್ಜನ ಅಜ್ಜ ಕಲಿತದ್ದು ಕೂಲಿಮಠದಲ್ಲಿ. ಅಲ್ಲಿ ಮಗು ಮೊದಲು ಅಕ್ಷರ ತೀಡಿದ್ದು ನೆಲದ ಮೇಲೆ ಹರಡಿದ ಮರಳಿನಲ್ಲಿ, ಬೆರಳಿನಿಂದ. ಕೈ ಕುದುರಿದ ಮೇಲೆ ಕಡತ ಸಿಗುತ್ತಿತ್ತು. ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಅದೇ ಕಡತ. ಅದರ ಮೇಲೆ ಬಳಪದ ಕಡ್ಡಿಯಿಂದ ಬರೆಯಬಹುದು, ಒರೆಸಬಹುದು, ಮತ್ತೆ ಬರೆಯಬಹುದು. ಅಂಗಡಿಯ ಲೆಕ್ಕವೂ ಅದರಲ್ಲೇ ಇರುತ್ತಿತ್ತು. ಇವತ್ತು ತಾಲೂಕು ಕಚೇರಿಯಲ್ಲಿ ಸಾಹೇಬರು ‘ಕಡತ ಮೇಲಕ್ಕೆ ಹೋಗಿದೆ’ ಅನ್ನುವಾಗ ಆ ಪದ ಬಂದಿರುವುದು ಇಲ್ಲಿಂದಲೇ.

ಈ ಮರಳಿನ ಹಲಗೆ ಸಮುದ್ರ ದಾಟಿದ ಕಥೆಯೂ ಇದೆ. 1789ರಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಕರಾದರು. ಹತ್ತಿರದ ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಅವರು ನೋಡಿದರು. ಕಾಗದವಿಲ್ಲ, ಶಾಯಿಯಿಲ್ಲ, ಖರ್ಚಿಲ್ಲ. ತಮ್ಮ ಶಾಲೆಯಲ್ಲೂ ಇದನ್ನೇ ಮಾಡಿಸಲು ಹೊರಟರು. ಶಾಲೆಯ ಮೇಷ್ಟರು ಒಪ್ಪಲಿಲ್ಲ. ಆಗ ಬೆಲ್ ಎಂಟು ವರ್ಷದ ಒಬ್ಬ ಹುಡುಗನಿಗೆ ಅದನ್ನು ಹೇಳಿಕೊಟ್ಟು, ಅವನಿಂದ ಚಿಕ್ಕ ಮಕ್ಕಳಿಗೆ ಕಲಿಸಿದರು. ದೊಡ್ಡ ಮಕ್ಕಳು ಸಣ್ಣವರಿಗೆ ಕಲಿಸುವ ಈ ಪದ್ಧತಿಯ ಬಗ್ಗೆ ಅವರು 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದರು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು.

ಈ ಘಟನೆಯಲ್ಲಿ ಗಮನಿಸಬೇಕಾದ್ದು ಮೇಷ್ಟರ ನಿರಾಕರಣೆ. ಮರಳು ಬಂತು, ಆದರೆ ಮೇಷ್ಟರನ್ನು ಅದಕ್ಕೆ ಸಿದ್ಧ ಮಾಡಿರಲಿಲ್ಲ. ಅವರನ್ನು ಪಕ್ಕಕ್ಕಿಟ್ಟು ಕೆಲಸ ಮುಂದುವರಿಯಿತು. ಮುಂದಿನ ಇನ್ನೂರು ವರ್ಷದಲ್ಲಿ ಇದೇ ಆಟ ಬೇರೆ ಬೇರೆ ರೂಪದಲ್ಲಿ ನಡೆದದ್ದನ್ನು ನೋಡುತ್ತೇವೆ.

ಕಲಿಸುವುದನ್ನು ಕಲಿಸುವ ಶಾಲೆ

ಕರಿಹಲಗೆ ನಮ್ಮ ಶಾಲೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಸರ್ಕಾರಿ ಶಾಲೆಗಳ ಜೊತೆ. ಕೂಲಿಮಠದ ಐಗಳು ಒಬ್ಬೊಬ್ಬ ಹುಡುಗನನ್ನೇ ಹತ್ತಿರ ಕರೆದು ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಹಲಗೆ ಬಂದ ಮೇಲೆ ಒಂದೇ ಸಲ ನಲವತ್ತು ಮಕ್ಕಳಿಗೆ ತೋರಿಸಬಹುದಾಯಿತು. ಆದರೆ ನಲವತ್ತು ಮಕ್ಕಳ ಕಡೆ ಕಣ್ಣಿಟ್ಟುಕೊಂಡೇ ಹಲಗೆಯ ಮೇಲೆ ಬರೆಯುವುದು ಬೇರೆಯೇ ವಿದ್ಯೆ. ಅಕ್ಷರ ಹಿಂದಿನ ಸಾಲಿಗೆ ಕಾಣಬೇಕು, ಗೆರೆ ಓರೆಯಾಗಬಾರದು, ಬರೆಯುವಾಗ ಮಾತು ನಿಲ್ಲಬಾರದು.

ಅದನ್ನು ಕಲಿಸಲು ಹುಟ್ಟಿದ್ದು ನಾರ್ಮಲ್ ಸ್ಕೂಲು. ಈ ಹೆಸರು ಫ್ರೆಂಚ್ ಭಾಷೆಯಿಂದ ಬಂದದ್ದು, ಮಾದರಿ ಶಾಲೆ ಎಂಬ ಅರ್ಥದಲ್ಲಿ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ 1850ರ ದಶಕದಲ್ಲಿ ಇಂಥ ಶಾಲೆ ಶುರುವಾಯಿತು. ಮುಂದೆ ಅದೇ ಟ್ರೇನಿಂಗ್ ಕಾಲೇಜಾಯಿತು. ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚೆನ್ನಬಸಪ್ಪನವರು ಅದರ ಮುಖ್ಯಸ್ಥರಾಗಿದ್ದರು. ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಕಡೆ ಕನ್ನಡ ಶಾಲೆ ತೆರೆಯಬೇಕಾದರೆ ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರರು ಮೊದಲು ತಯಾರಾಗಬೇಕು ಎಂಬುದು ಅವರಿಗೆ ಗೊತ್ತಿತ್ತು. ಕಟ್ಟಡಕ್ಕಿಂತ ಮುಂಚೆ ಮಾಸ್ತರು ಎಂಬ ಆ ಲೆಕ್ಕ ಈ ಇತಿಹಾಸದಲ್ಲಿ ಅಪರೂಪ.

ಹೀಗೆ ಹಲಗೆ ಮಾಸ್ತರರ ತರಬೇತಿಯ ಒಳಗೆ ಸೇರಿತು. ಟಿಸಿಎಚ್ ಮಾಡಿದ ಹಳೆಯ ಮೇಷ್ಟರನ್ನು ಕೇಳಿ ನೋಡಿ. ಹಲಗೆಯ ಬರವಣಿಗೆಗೆ ಅಭ್ಯಾಸವಿತ್ತು, ಅಂಕವಿತ್ತು. ಸುರುಳಿ ಹಲಗೆ, ಫ್ಲಾನೆಲ್ ಬೋರ್ಡ್, ಚಾರ್ಟ್, ಮಣಿಕಟ್ಟು ಎಲ್ಲವನ್ನೂ ಕೈಯಿಂದ ಮಾಡಿಸುತ್ತಿದ್ದರು. ಇದ್ದಿಲು, ಸೊಪ್ಪಿನ ರಸ ಉಜ್ಜಿ ಹಲಗೆ ಕಪ್ಪು ಮಾಡುವುದು ಮಕ್ಕಳಿಗೂ ಗೊತ್ತಿತ್ತು. ಆ ತಂತ್ರಜ್ಞಾನ ಊರಿನದೇ ಆಗಿಬಿಟ್ಟಿತ್ತು. ಕೆಟ್ಟರೆ ರಿಪೇರಿ ಮಾಡಲು ಯಾರೂ ಬೆಂಗಳೂರಿನಿಂದ ಬರಬೇಕಿರಲಿಲ್ಲ.

ಆರು ನಿಮಿಷದ ಪಾಠ

ಯಂತ್ರವನ್ನೇ ಇಟ್ಟುಕೊಂಡು ಶಿಕ್ಷಕರನ್ನು ತಯಾರು ಮಾಡುವ ಪ್ರಯೋಗ 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಡ್ವೈಟ್ ಆಲೆನ್ ಮತ್ತು ಅವರ ಸಂಗಡಿಗರು ಶಿಕ್ಷಕರಾಗುವವರಿಂದ ನಾಲ್ಕೈದು ಮಕ್ಕಳಿಗೆ ಕೆಲವೇ ನಿಮಿಷದ ಪಾಠ ಮಾಡಿಸಿದರು. ಅದನ್ನು ವಿಡಿಯೋದಲ್ಲಿ ಹಿಡಿದು ಅವರಿಗೇ ತೋರಿಸಿದರು. ತನ್ನ ಪಾಠವನ್ನು ತಾನೇ ನೋಡಿದಾಗ, ನಾನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೇ ನಾನೇ ಹೇಳಿಬಿಡುತ್ತೇನೆ ಎಂಬುದು ಗೊತ್ತಾಗುತ್ತದೆ. ತಿದ್ದಿಕೊಂಡು ಮತ್ತೆ ಪಾಠ ಮಾಡಬೇಕು. ಇದಕ್ಕೆ ಮೈಕ್ರೋ ಟೀಚಿಂಗ್ ಎಂದು ಹೆಸರಾಯಿತು, ನಮ್ಮಲ್ಲಿ ಸೂಕ್ಷ್ಮ ಬೋಧನೆ.

1970ರ ದಶಕದಲ್ಲಿ ಇದು ಭಾರತಕ್ಕೆ ಬಂತು. ಬಡೋದಾ ವಿಶ್ವವಿದ್ಯಾಲಯ ಮತ್ತು ಎನ್‌ಸಿಇಆರ್‌ಟಿಯವರು ಇದರ ಮೇಲೆ ಕೆಲಸ ಮಾಡಿದರು. ನಮ್ಮ ಕಾಲೇಜುಗಳಲ್ಲಿ ವಿಡಿಯೋ ಯಂತ್ರ ಎಲ್ಲಿತ್ತು? ಆದ್ದರಿಂದ ಅದನ್ನು ಬಿಟ್ಟೇ ಪದ್ಧತಿ ರೂಪಿಸಿದರು. ಜೊತೆಯಲ್ಲಿ ಓದುವವರೇ ಮಕ್ಕಳಾಗಿ ಕೂರುತ್ತಾರೆ, ಇಬ್ಬರು ಹಾಳೆಯಲ್ಲಿ ಗೆರೆ ಎಳೆದು ಎಣಿಸುತ್ತಾರೆ. ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಸಲ ಹಲಗೆ ಬಳಸಿದರು, ಎಷ್ಟು ಉದಾಹರಣೆ ಕೊಟ್ಟರು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮತ್ತೆ ತಯಾರಿ, 6 ನಿಮಿಷ ಮರುಪಾಠ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಇವತ್ತಿಗೂ ಬಿ.ಇಡಿ ಕಾಲೇಜುಗಳಲ್ಲಿ ಇದೇ ನಡೆಯುತ್ತಿದೆ.

ಯಂತ್ರವಿಲ್ಲದ ದೇಶ ಯಂತ್ರದ ಹಿಂದಿನ ಯೋಚನೆಯನ್ನು ಹಿಡಿದುಕೊಂಡ ಒಳ್ಳೆಯ ಉದಾಹರಣೆ ಇದು. ಈಗಿನ ಸೋಜಿಗ ಏನೆಂದರೆ, ಪ್ರತಿ ವಿದ್ಯಾರ್ಥಿ ಶಿಕ್ಷಕರ ಜೇಬಿನಲ್ಲೂ ವಿಡಿಯೋ ಹಿಡಿಯುವ ಯಂತ್ರ ಇದೆ. ಆದರೂ ಬಹಳ ಕಡೆ ಗೆರೆ ಎಳೆಯುವ ಹಾಳೆಯೇ ಮುಂದುವರಿದಿದೆ. ಗೆಳತಿಯ ಮೊಬೈಲನ್ನು ಬೆಂಚಿನ ಮೇಲೆ ಆನಿಸಿಟ್ಟು ಆರು ನಿಮಿಷ ರೆಕಾರ್ಡ್ ಮಾಡಿಕೊಂಡರೆ, ಸ್ಟ್ಯಾನ್‌ಫರ್ಡಿನವರು ಆ ಕಾಲದಲ್ಲಿ ದೊಡ್ಡ ಯಂತ್ರ ಇಟ್ಟು ಮಾಡಿದ್ದನ್ನು ನಮ್ಮೂರ ಹುಡುಗಿ ಪೈಸೆ ಖರ್ಚಿಲ್ಲದೆ ಮಾಡಬಹುದು.

ಆಕಾಶದಿಂದ ಬಂದ ಪಾಠ

ಈಗ 1975ಕ್ಕೆ ಬರೋಣ. ವಿಕ್ರಂ ಸಾರಾಭಾಯಿ ಅವರದು ದೊಡ್ಡ ಕನಸು. ಪಟ್ಟಣದಿಂದ ಪಟ್ಟಣಕ್ಕೆ ಟವರ್ ನೆಟ್ಟು ಹಳ್ಳಿಗೆ ಕೊನೆಗೆ ಟಿವಿ ತಲುಪಿಸುವ ಬದಲು, ಉಪಗ್ರಹದಿಂದ ನೇರ ಹಳ್ಳಿಗೇ ತಲುಪಿಸಬೇಕು. 1969ರಲ್ಲಿ ಭಾರತದ ಅಣುಶಕ್ತಿ ಇಲಾಖೆ ಮತ್ತು ಅಮೆರಿಕದ ನಾಸಾ ನಡುವೆ ಒಪ್ಪಂದವಾಯಿತು. ಸಾರಾಭಾಯಿ 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಯಶ್ ಪಾಲ್, ಇ.ವಿ. ಚಿಟ್ನಿಸ್ ಮುಂತಾದವರು ಕೆಲಸ ಮುಂದುವರಿಸಿದರು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ಕಡೆಗೆ ಸರಿಸಿ ಕೊಟ್ಟರು. ಈ ಪ್ರಯೋಗದ ಹೆಸರು ‘ಸೈಟ್’.

ಆರು ರಾಜ್ಯ, 20 ಜಿಲ್ಲೆ, ಸುಮಾರು 2,400 ಹಳ್ಳಿ. ಕರ್ನಾಟಕದ ಪಾಲಿಗೆ ಬಂದದ್ದು ನಾವು ಮೊದಲೇ ಹೇಳಿದ ಮೂರು ಜಿಲ್ಲೆ. ಊರಿಗೊಂದು ಟಿವಿ, ಅದರ ಜೊತೆಗೆ ಸುಮಾರು ಹತ್ತು ಅಡಿ ಅಗಲದ ಛತ್ರಿಯಂಥ ಆಂಟೆನಾ. ಆ ಛತ್ರಿಗೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವಂಥ ತಂತಿ ಬಲೆ. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಹಾಡು ಕುಣಿತ.

ಪುಸ್ತಕಗಳಲ್ಲಿ ಸೈಟ್ ಬಗ್ಗೆ ಬರೆಯುವಾಗ ಛತ್ರಿ, ಉಪಗ್ರಹದ ಮಾತೇ ಹೆಚ್ಚು. ನಮಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. 1975ರ ಅಕ್ಟೋಬರಿನಲ್ಲಿ ಒಮ್ಮೆ, 1976ರ ಬೇಸಿಗೆಯಲ್ಲಿ ಇನ್ನೊಮ್ಮೆ, ತಲಾ 12 ದಿನ ಈ ಟಿವಿಗಳನ್ನು ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಗೆ ಬಿಟ್ಟುಕೊಟ್ಟರು. ವಿಷಯ ವಿಜ್ಞಾನ ಬೋಧನೆ. ಎರಡು ಸುತ್ತಿನಲ್ಲಿ ಆರೂ ರಾಜ್ಯ ಸೇರಿ ಹತ್ತಿರ ಹತ್ತಿರ 50 ಸಾವಿರ ಶಿಕ್ಷಕರು ತರಬೇತಿ ಪಡೆದರು. ಅಷ್ಟು ಜನರನ್ನು ಪಟ್ಟಣದ ತರಬೇತಿ ಕೇಂದ್ರಗಳಿಗೆ ಕರೆಸಿ ಕಲಿಸಲು ಹೊರಟಿದ್ದರೆ ವರ್ಷಗಟ್ಟಲೆ ಬೇಕಾಗುತ್ತಿತ್ತು.

ಈ ತರಬೇತಿ ಕಟ್ಟಿದ ರೀತಿ ನೋಡಿ. ಬರೀ ಟಿವಿ ನೋಡಿ ಮನೆಗೆ ಹೋಗುವುದಲ್ಲ. ಎನ್‌ಸಿಇಆರ್‌ಟಿಯವರು ಟಿವಿ ಪಾಠ, ರೇಡಿಯೋ ಪಾಠ, ಅಚ್ಚಾದ ಚಟುವಟಿಕೆ ಕೈಪಿಡಿ ಮೂರನ್ನೂ ಹೊಂದಿಸಿದ್ದರು. ಪ್ರತಿ ಕೇಂದ್ರದಲ್ಲಿ ಮೊದಲೇ ತಯಾರಾದ ಒಬ್ಬ ಶಿಕ್ಷಕರು ಇರುತ್ತಿದ್ದರು. ಟಿವಿಯಲ್ಲಿ ಪ್ರಯೋಗ ನೋಡುವುದು, ಆಮೇಲೆ ಊರಲ್ಲೇ ಸಿಗುವ ಸಾಮಾನು ಇಟ್ಟುಕೊಂಡು ತಾವೇ ಮಾಡುವುದು, ಮಾತಾಡುವುದು. ಕೈ ಕೆಲಸ ಮಾಡಿಸಿದ್ದು ಮನುಷ್ಯರು, ಟಿವಿ ತೋರಿಸಿಕೊಟ್ಟದ್ದು ದಾರಿ. ಸೈಟ್‌ನ ಬೇರೆ ಬೇರೆ ಭಾಗಗಳ ಪೈಕಿ ಈ ಶಿಕ್ಷಕರ ತರಬೇತಿಗೆ ಒಳ್ಳೆಯ ಹೆಸರು ಬಂತು. ಮಕ್ಕಳ ಬೆಳಗಿನ ಕಾರ್ಯಕ್ರಮದ ಫಲ ಮಾತ್ರ ಮಿಶ್ರವಾಗಿತ್ತು. ಮಕ್ಕಳ ಮಾತು, ಕುತೂಹಲ ಬೆಳೆದದ್ದು ಕಂಡಿತು. ಹಾಜರಾತಿಯಲ್ಲಿ, ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

1976ರ ಜುಲೈ 31ಕ್ಕೆ ಒಪ್ಪಂದ ಮುಗಿಯಿತು. ಉಪಗ್ರಹ ಅಮೆರಿಕದ ಕಡೆಗೆ ವಾಪಸಾಯಿತು. ಮರುವರ್ಷ, 1977ರಲ್ಲಿ, ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಶುರುವಾಗಿ ಸುತ್ತಲಿನ ಕೆಲವು ಊರುಗಳಿಗೆ ಟಿವಿ ಉಳಿಯಿತು. ಛತ್ರಿ ಇದ್ದ ಉಳಿದ ಊರುಗಳ ಆಕಾಶ ಖಾಲಿಯಾಯಿತು. ಒಂದು ವರ್ಷ ಟಿವಿ ಇಟ್ಟು ಪಾಠ ಮಾಡಲು ಕಲಿತ ಮಾಸ್ತರು ಮತ್ತೆ ಹಲಗೆಗೆ ಮರಳಿದರು.

ಮಾತಾಡಲು ಬಿಟ್ಟ ಟಿವಿ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದು ಡಯಟ್ ಬಂತು. ಡಯಟ್‌ನ ವಿಭಾಗಗಳಲ್ಲಿ ಶೈಕ್ಷಣಿಕ ತಂತ್ರಜ್ಞಾನದ್ದೇ ಒಂದು ವಿಭಾಗ ಇತ್ತು. ಅಂದರೆ ಶಿಕ್ಷಕರಾಗುವವರಿಗೂ ಶಿಕ್ಷಕರಿಗೂ ಯಂತ್ರ ಬಳಸಲು ಕಲಿಸುವ ಜವಾಬ್ದಾರಿ ಯಾರದು ಎಂಬುದಕ್ಕೆ ಮೊದಲ ಬಾರಿಗೆ ಜಿಲ್ಲೆಯಲ್ಲೇ ಒಂದು ವಿಳಾಸ ಸಿಕ್ಕಿತು.

ಆ ಡಯಟ್‌ಗಳನ್ನು ಬಳಸಿಕೊಂಡು 1996ರ ಜನವರಿಯಲ್ಲಿ ಕರ್ನಾಟಕದಲ್ಲಿ ಒಂದು ವಾರದ ಪ್ರಯೋಗ ನಡೆಯಿತು. 20 ಕೇಂದ್ರಗಳಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರು ಕೂತಿದ್ದರು. ಉಪಗ್ರಹದ ಮೂಲಕ ಟಿವಿಯಲ್ಲಿ ಪಾಠ ಬರುತ್ತಿತ್ತು. ಸೈಟ್‌ಗಿಂತ ಬೇರೆಯಾದ ಸಂಗತಿ ಎಂದರೆ ಇಲ್ಲಿ ಶಿಕ್ಷಕರು ಫೋನಿನ ಮೂಲಕ ತಿರುಗಿ ಪ್ರಶ್ನೆ ಕೇಳಬಹುದಿತ್ತು. ಚಿತ್ರ ಒಂದೇ ಕಡೆಯಿಂದ, ಮಾತು ಎರಡೂ ಕಡೆಯಿಂದ. ಗಡಿ ಜಿಲ್ಲೆಯ ಶಿಕ್ಷಕಿ ಕೇಳಿದ ಪ್ರಶ್ನೆ ರಾಜ್ಯದ ಎಲ್ಲ ಕೇಂದ್ರಗಳಲ್ಲೂ ಕೇಳಿಸುವ ಏರ್ಪಾಡು. ನಮಗೆ ಇವತ್ತು ಜೂಮ್, ಗೂಗಲ್ ಮೀಟ್ ಹಳೆಯದಾಗಿದೆ. 1996ರಲ್ಲಿ ನಮ್ಮ ಶಿಕ್ಷಕರು ಅದರ ಹಿರಿಯಕ್ಕನನ್ನು ನೋಡಿದ್ದರು.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮಾಡಿದ ಉಪಗ್ರಹ ಎಜುಸ್ಯಾಟ್ ಶ್ರೀಹರಿಕೋಟದಿಂದ ಹಾರಿತು. ಅದರ ಪ್ರಾಥಮಿಕ ಶಾಲಾ ಪ್ರಯೋಗಕ್ಕೆ ಆರಿಸಿದ್ದು ಚಾಮರಾಜನಗರ ಜಿಲ್ಲೆಯನ್ನು. 885 ಶಾಲೆಗಳಿಗೆ ಟಿವಿ, ಡಿಶ್ ಕೊಟ್ಟರು. ಅದೇ ದಶಕದಲ್ಲಿ ಆಕಾಶವಾಣಿಯಲ್ಲಿ ‘ಕೇಳಿ ಕಲಿ’ ರೇಡಿಯೋ ಪಾಠಗಳೂ ಬಂದವು. ಎಜುಸ್ಯಾಟ್‌ನ ಆಯಸ್ಸು 2010ರಲ್ಲಿ ಮುಗಿಯಿತು. ಉಪಗ್ರಹಕ್ಕೆ ಆಯಸ್ಸು ಇರುವುದು ಸಹಜ. ಆದರೆ ಯೋಜನೆಗಳೂ ಅದರ ಜೊತೆಗೇ ಸಾಯುವುದು ಏಕೆ ಎಂದು ಕೇಳಲೇಬೇಕು.

ಬೀಗ ಹಾಕಿದ ಕೋಣೆ

ಕಂಪ್ಯೂಟರಿನ ಕಥೆ 1984ರಲ್ಲಿ ಶುರುವಾಗುತ್ತದೆ. ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ದೇಶದ ಸುಮಾರು 250 ಪ್ರೌಢಶಾಲೆಗಳಿಗೆ ಮೊದಲು ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟರು. ಶಾಲೆಯ ಕೆಲವು ಶಿಕ್ಷಕರಿಗೆ ಕೆಲವು ವಾರದ ತರಬೇತಿ. ಬಿ.ಇಡಿ ಓದುತ್ತಿದ್ದವರಿಗೆ ಆಗ ಅದರ ಸುಳಿವೂ ಇರಲಿಲ್ಲ.

2001ರ ಹೊತ್ತಿಗೆ ಕರ್ನಾಟಕದಲ್ಲಿ ‘ಮಾಹಿತಿ ಸಿಂಧು’ ಬಂತು. 1,000 ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೋಣೆ. ಕಲಿಸಲು ಗುತ್ತಿಗೆಯ ಮೇಲೆ ಬಂದ ಕಂಪ್ಯೂಟರ್ ಶಿಕ್ಷಕರು. ಇಲ್ಲೇ ಒಂದು ಗೆರೆ ಬಿತ್ತು. ಕಂಪ್ಯೂಟರ್ ಅಂದರೆ ಕಂಪ್ಯೂಟರ್ ಸರ್ ನೋಡಿಕೊಳ್ಳುವುದು, ಗಣಿತದ ಮೇಡಂಗೂ ಸಮಾಜ ವಿಜ್ಞಾನದ ಮೇಷ್ಟರಿಗೂ ಅದು ಸಂಬಂಧವಿಲ್ಲ ಎಂಬ ಭಾವನೆ. ಗುತ್ತಿಗೆ ಮುಗಿದ ದಿನ ಕಂಪ್ಯೂಟರ್ ಸರ್ ಹೋದರು. ಕೋಣೆ ಉಳಿಯಿತು, ಬೀಗವೂ ಬಿತ್ತು. ನಮ್ಮಲ್ಲಿ ಕೆಲವರು ಓದಿದ ಪ್ರೌಢಶಾಲೆಯಲ್ಲಿ ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ಮೂರು ವರ್ಷದಲ್ಲಿ ತೆಗೆದದ್ದು ಬೆರಳೆಣಿಕೆಯಷ್ಟು ಸಲ. ಕೆಟ್ಟರೆ ಯಾರು ಹೊಣೆ ಎಂಬ ಹೆದರಿಕೆಯೇ ಹೆಚ್ಚಿತ್ತು.

ಅದೇ 2001ರಲ್ಲಿ ಪಕ್ಕದ ಕೇರಳ ‘ಐಟಿ@ಸ್ಕೂಲ್’ ಶುರು ಮಾಡಿತು. ಅವರು ಹಿಡಿದ ದಾರಿ ಬೇರೆ. ಹೊರಗಿನವರನ್ನು ತರುವ ಬದಲು ಶಾಲೆಯ ಗಣಿತ, ವಿಜ್ಞಾನ, ಭಾಷೆಯ ಶಿಕ್ಷಕರಿಗೇ ಕಲಿಸಿದರು. ಚೆನ್ನಾಗಿ ಕಲಿತ ಶಿಕ್ಷಕರನ್ನು ಉಳಿದವರಿಗೆ ಕಲಿಸಲು ಬಿಟ್ಟರು. ಮುಂದೆ ಲೈಸೆನ್ಸ್ ಹಣ ಕೇಳದ ಮುಕ್ತ ತಂತ್ರಾಂಶಕ್ಕೆ ಬದಲಾದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಗಡಿಯಾಚೆ ನಮ್ಮದೇ ಭಾಷೆಯ ಶಿಕ್ಷಕರು ಇದನ್ನು ಮಾಡಿ ತೋರಿಸುತ್ತಿರುವಾಗ ಹಳ್ಳಿಯ ಮೇಷ್ಟರಿಗೆ ಇದು ಆಗುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಕರ್ನಾಟಕವೂ ನಿಧಾನವಾಗಿ ಆ ಕಡೆಗೆ ತಿರುಗಿತು. ಡಿಎಸ್‌ಇಆರ್‌ಟಿ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆಗಳು ಬಂದವು, ಕನ್ನಡದಲ್ಲಿ ಮುಕ್ತ ಪಾಠ ಸಾಮಗ್ರಿಯ ತಾಣ ಬಂತು. 2016-17ರ ಸುಮಾರಿಗೆ ಶುರುವಾದ ‘ಟಾಲ್ಪ್’ ಕಾರ್ಯಕ್ರಮದಲ್ಲಿ ಪ್ರೌಢಶಾಲೆಯ ವಿಷಯ ಶಿಕ್ಷಕರಿಗೇ ಕಂಪ್ಯೂಟರ್ ತರಬೇತಿ ಕೊಟ್ಟರು. ಹೊರಗಿನ ಸರ್ ಬಂದು ಹೋದ ಹದಿನೈದು ವರ್ಷದ ಮೇಲೆ ಒಳಗಿನ ಮೇಷ್ಟರ ನೆನಪಾಯಿತು.

ಜೇಬಿನ ಯಂತ್ರ

2017ರ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು ‘ದೀಕ್ಷಾ’ ವೇದಿಕೆ ಉದ್ಘಾಟನೆಯಾಯಿತು. ಪಠ್ಯಪುಸ್ತಕದ ಪುಟಗಳಲ್ಲಿ ಕಪ್ಪು ಬಿಳಿ ಚೌಕದ ಕ್ಯೂಆರ್ ಕೋಡ್ ಕಾಣಿಸಿತು. ಮೊಬೈಲ್ ಹಿಡಿದರೆ ಪಾಠದ ವಿಡಿಯೋ ಬರುತ್ತದೆ. ನೆಟ್‌ವರ್ಕ್ ಇದ್ದರೆ.

ಆ ‘ಇದ್ದರೆ’ ಎಂಬುದರ ತೂಕ ನಮಗೆಲ್ಲ ತಿಳಿದದ್ದು 2020ರಲ್ಲಿ. ಕೊರೊನಾದಿಂದ ಶಾಲೆ ಮುಚ್ಚಿತು. ಚಂದನ ವಾಹಿನಿಯಲ್ಲಿ ಪಾಠ ಬಂತು. ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾಗಿ ಮೇಷ್ಟರು ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಿಗೆ ಹೋದರು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳ ಕಥೆ ನೀವೂ ಓದಿದ್ದೀರಿ, ಕೆಲವರು ನಿಮ್ಮ ಮನೆಯವರೇ ಇರಬಹುದು. ಯಾವ ಮನೆಯಲ್ಲಿ ಒಂದೇ ಫೋನ್ ಇತ್ತೋ ಅಲ್ಲಿ ಅದು ಬಹಳ ಸಲ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಇದ್ದರೂ ಮೊದಲ ಪಾಳಿ ಅಣ್ಣನದು, ಆಮೇಲೆ ತಂಗಿಯದು.

ಆ ದಿನಗಳಲ್ಲಿ ಯಂತ್ರ ಬಳಸಲು ಗೊತ್ತಿದ್ದರೆ ಸಾಲದು, ಯಾವಾಗ ಅದನ್ನು ಪಕ್ಕಕ್ಕಿಟ್ಟು ಮರದಡಿಗೆ ಹೋಗಬೇಕು ಎಂಬುದೂ ಗೊತ್ತಿರಬೇಕು ಎಂದು ಮೇಷ್ಟರು ಕಂಡುಕೊಂಡರು. ಯಾವ ತರಬೇತಿ ಪುಸ್ತಕವೂ ಅದನ್ನು ಅವರಿಗೆ ಹೇಳಿರಲಿಲ್ಲ.

ಈಗಿನ ವಿದ್ಯಾರ್ಥಿ ಶಿಕ್ಷಕರು

2014ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ನಿಯಮ ಬದಲಿಸಿತು. ಬಿ.ಇಡಿ ಎರಡು ವರ್ಷವಾಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರವಾಯಿತು. ಮಾಹಿತಿ ತಂತ್ರಜ್ಞಾನವನ್ನು ವಿಮರ್ಶೆಯ ಕಣ್ಣಿನಿಂದ ಅರಿಯುವುದು ಎಂಬ ಒಂದು ಕೋರ್ಸ್ ಸೇರಿತು. ಬಟನ್ ಒತ್ತುವುದನ್ನಷ್ಟೇ ಕಲಿಸಿದರೆ ಸಾಲದು, ಯಾವ ಪಾಠಕ್ಕೆ ಯಾವುದು ಬೇಕು, ಬೇಡ ಎಂದು ಅಳೆಯುವುದನ್ನೂ ಕಲಿಸಬೇಕು ಎಂಬುದು ಆ ಹೆಸರಿನಲ್ಲೇ ಇದೆ.

ಕಾಗದದ ಮೇಲೆ ಇದು ಚೆನ್ನಾಗಿದೆ. ಕಾಲೇಜಿನಲ್ಲಿ ಹೇಗೆ ನಡೆಯುತ್ತದೆ ಎನ್ನುವುದು ಕಾಲೇಜಿನ ಮೇಲೆ ನಿಂತಿದೆ. ಎಷ್ಟೋ ಕಡೆ ಹತ್ತು ಸ್ಲೈಡಿನ ಪವರ್‌ಪಾಯಿಂಟ್ ಮಾಡಿ, ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿ ಒಪ್ಪಿಸಿದರೆ ಕೋರ್ಸ್ ಮುಗಿಯಿತು. ಅದನ್ನು ಮಾಡಿಕೊಟ್ಟವರು ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯವರೂ ಆಗಿರಬಹುದು. ಪಠ್ಯದ ಸಾಲುಗಳನ್ನೇ ಸ್ಲೈಡಿಗೆ ಹಾಕಿ ಓದಿದರೆ ಅದು ಕರೆಂಟು ತಿನ್ನುವ ಕರಿಹಲಗೆ, ಅಷ್ಟೇ.

ಹಾಗಾದರೆ ನಿಜವಾದ ಬಳಕೆ ಎಂಥದು? ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಹಲಗೆಯ ಮೇಲೆ ಮೇಡಂ ಒಂದು ತ್ರಿಭುಜ ಬರೆದು ಅಳೆದು ತೋರಿಸುತ್ತಾರೆ. ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ಅದೇ ತ್ರಿಭುಜ ಬರೆದರೆ ಅದರ ತುದಿ ಹಿಡಿದು ಎಳೆಯಬಹುದು. ತ್ರಿಭುಜ ಚೂಪಾಗುತ್ತದೆ, ಚಪ್ಪಟೆಯಾಗುತ್ತದೆ, ಕೋನಗಳ ಅಳತೆ ಬದಲಾಗುತ್ತಲೇ ಇರುತ್ತದೆ, ಮೊತ್ತ ಮಾತ್ರ ಕದಲುವುದಿಲ್ಲ. ಮಗುವಿಗೆ ‘ಯಾಕೆ?’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಅಲ್ಲಿ ಮೇಡಂ ಕಂಪ್ಯೂಟರ್ ಬಿಟ್ಟು, ಕಾಗದದ ತ್ರಿಭುಜ ಕೊಟ್ಟು, ಮೂರು ಮೂಲೆ ಹರಿದು ಒಂದೇ ಗೆರೆಯ ಮೇಲೆ ಜೋಡಿಸಲು ಹೇಳಬೇಕು. ತೆರೆ ಕುತೂಹಲ ಹುಟ್ಟಿಸಿತು, ಕಾಗದ ಕೈಗೆ ತಿಳಿಸಿತು. ಸೈಟ್ ಕಾಲದ ಆ 12 ದಿನಗಳಲ್ಲಿ ನಡೆದದ್ದೂ ಇಂಥದ್ದೇ.

ಇದಕ್ಕೆ ಮೊದಲು ದಾಟಬೇಕಾದ ಸಣ್ಣ ಹೊಳೆಯೊಂದಿದೆ, ಕನ್ನಡ ಟೈಪಿಂಗ್. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ನುಡಿ ತಂತ್ರಾಂಶದಲ್ಲಿದೆ. ಹದಿನೈದು ದಿನ ದಿನಕ್ಕೆ ಅರ್ಧ ಗಂಟೆ ಕೂತರೆ ಕೈಗೆ ಹತ್ತುತ್ತದೆ. ಅದು ಬಂದರೆ ತನ್ನೂರಿನ ಕೆರೆ, ತನ್ನೂರಿನ ಬೆಳೆಯ ಮೇಲೆ ಪ್ರಶ್ನೆಪತ್ರಿಕೆ ತಾನೇ ಮಾಡಬಹುದು. ಬರದಿದ್ದರೆ ಯಾರೋ ಎಲ್ಲೋ ಮಾಡಿದ ವಿಡಿಯೋ ಹಚ್ಚಿ ಪಕ್ಕದಲ್ಲಿ ನಿಲ್ಲಬೇಕು.

ಊರಿನವರು ಕೇಳಬಹುದಾದ್ದು

ಈ ಇತಿಹಾಸದಿಂದ ನಮಗೆ ಕಂಡದ್ದು ಇಷ್ಟು. ಮರಳು, ಟಿವಿ, ಡಿಶ್, ಕಂಪ್ಯೂಟರ್, ಮೊಬೈಲ್, ಪ್ರತಿಯೊಂದು ಸಲವೂ ಸಾಮಾನು ಮೊದಲು ಬಂತು. ಅದರ ಜೊತೆಗೇ ಶಿಕ್ಷಕರನ್ನು ತಯಾರು ಮಾಡಿದ ಕಡೆ ಕೆಲಸ ನಿಂತಿತು. ಮಾಡದ ಕಡೆ ಬೀಗ ಬಿತ್ತು. ಸಾಮಾನಿಗೆ ರಿಬ್ಬನ್ ಕತ್ತರಿಸುವ ಸಮಾರಂಭ ಇರುತ್ತದೆ, ತರಬೇತಿಗೆ ಇರುವುದಿಲ್ಲ. ಹಾಗಾಗಿ ಸುದ್ದಿಯೂ ಸಾಮಾನಿನದೇ ಆಗುತ್ತದೆ. ಸುದ್ದಿ ಬರೆಯುವ ನಾವು ಇದನ್ನು ಚೆನ್ನಾಗಿ ಬಲ್ಲೆವು.

ನಿಮ್ಮೂರ ಶಾಲೆಗೆ ಎಸ್‌ಡಿಎಂಸಿ ಇದೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ನಾಲ್ಕು ಪ್ರಶ್ನೆ ಕೇಳಿ. ನಮ್ಮ ಶಾಲೆಯ ಸ್ಮಾರ್ಟ್ ಟಿವಿ ಅಥವಾ ಕಂಪ್ಯೂಟರ್ ಕೋಣೆಯ ಕೀ ಯಾರ ಹತ್ತಿರ ಇದೆ? ಅದನ್ನು ಪಾಠಕ್ಕೆ ಬಳಸುವ ತರಬೇತಿ ಎಷ್ಟು ಶಿಕ್ಷಕರಿಗೆ ಆಗಿದೆ? ಯುಪಿಎಸ್ ಬ್ಯಾಟರಿ ಸತ್ತರೆ ಹಣ ಯಾವ ಬಾಬಿನಿಂದ ಬರುತ್ತದೆ? ನಾಲ್ಕನೆಯದು, ಪಾಠ ಕಲಿಯಲು ನಮ್ಮ ಶಾಲೆಗೆ ಬರುವ ಬಿ.ಇಡಿ, ಡಿ.ಎಲ್.ಇಡಿ ಹುಡುಗ ಹುಡುಗಿಯರಿಗೆ ಅದನ್ನು ಮುಟ್ಟಲು ಬಿಡುತ್ತಾರಾ?

ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆ ಮಕ್ಕಳು ಕೆಲವು ವಾರಕ್ಕೆ ಬರುವವರು, ಚಾರ್ಟ್ ತರುತ್ತಾರೆ, ಪಾಠ ಒಪ್ಪಿಸುತ್ತಾರೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಮುಂದಿನ ಮೂವತ್ತು ವರ್ಷ ಯಾವುದೋ ಊರಿನ ಮಕ್ಕಳ ಮುಂದೆ ನಿಲ್ಲುವವರು ಅವರೇ. ನಿಮ್ಮ ಶಾಲೆಯಲ್ಲಿ ಅವರು ಒಂದು ಪಾಠವನ್ನು ಯಂತ್ರ ಇಟ್ಟುಕೊಂಡು, ಎಡವಿ, ತಿದ್ದಿಕೊಂಡು ಮಾಡಿದರೆ ಅದರ ಲಾಭ ಇನ್ನಾವುದೋ ಊರಿನ ಮಕ್ಕಳಿಗೆ. ಇನ್ನಾವುದೋ ಊರಿನ ಶಾಲೆಯಲ್ಲಿ ಇನ್ನೊಬ್ಬಳು ಹಾಗೆ ಕಲಿತರೆ ಅದರ ಲಾಭ ನಿಮ್ಮ ಮಕ್ಕಳಿಗೆ. ಬೀರುವಿನ ಕೀ ಕೇಳಿ ಪಡೆಯುವುದಕ್ಕೆ ಈ ಕಾರಣ ಸಾಕು.